ಮೊದಲಿಂದಕ್ಕ ಕಟ್ಟಿದ ಉಗ್ರಾಣಿ

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನವೇ ಹೊಸಬ ಒಂದು ಕಂಪ್ಯೂಟರಿನ ಪ್ರಾಣ ಉಳಿಸಿದ. ಹಾಗೆಂದು ಅವನು ನಂಬಿದ್ದ. ಸೋಮವಾರ, ಊಟದ ಹೊತ್ತು, ತರಬೇತಿ ಕೇಂದ್ರದ ಕೊಠಡಿಯಲ್ಲಿ ನರಪಿಳ್ಳೆಯಿಲ್ಲ. ಮೂಲೆಯ ಪರದೆಯ ಮೇಲೆ ಮಾತ್ರ ಸಾಲುಗಳು ಒಂದರ ಬೆನ್ನಿಗೊಂದು ಬಿದ್ದು ಓಡುತ್ತಿವೆ. ನಡುನಡುವೆ ಹಳದಿ ಬಣ್ಣದಲ್ಲಿ 'ವಾರ್ನಿಂಗ್'. ವೈರಸ್ಸೇ ಹೊಕ್ಕಿದೆ ಎಂದುಕೊಂಡ. ಗೋಡೆಯಿಂದ ಪ್ಲಗ್ ಕಿತ್ತ. ಪರದೆ ಕಪ್ಪಾಯಿತು. ಬೆವರು ಒರೆಸಿಕೊಂಡು, ಮೆಚ್ಚಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ.

ಅದು ವೈರಸ್ ಆಗಿರಲಿಲ್ಲ. ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೊದಲಿಂದಕ್ಕ ಬೆಳಿಗ್ಗೆ ಹಚ್ಚಿಟ್ಟು ಹೋಗಿದ್ದ ಕೆಲಸ. ಇನ್ನು ಕಾಲು ಗಂಟೆಯಲ್ಲಿ ಮುಗಿಯುವುದಿತ್ತು. ಅವನಿಗೆ ಇದು ತಿಳಿದದ್ದು, ಊಟ ಮುಗಿಸಿ ಬಂದ ಆಕೆ ಕಪ್ಪು ಪರದೆ ನೋಡಿ, ನೆಲದ ಮೇಲಿನ ಪ್ಲಗ್ ನೋಡಿ, "ಸರಿ, ಮೊದಲಿಂದ" ಅಂದಾಗ. ಹೊಸಬ ಕಿಟಕಿಯಾಚೆ ಏನೋ ಘನಕಾರ್ಯ ನಡೆಯುತ್ತಿದೆ ಎಂಬಂತೆ ಅತ್ತಲೇ ನೋಡುತ್ತ ನಿಂತ. ಮೂರು ತಿಂಗಳ ಪರೀಕ್ಷಾವಧಿಯಲ್ಲಿ ಇನ್ನೂ ನಾಲ್ಕೇ ದಿನ ಕಳೆದಿತ್ತು.

ಆಕೆಗೆ ಆ ಹೆಸರು ಬಂದದ್ದೇ ಹೀಗೆ. ಇಪ್ಪತ್ತು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವಳು; ಅವು ಕಣ್ಮರೆಯಾದ ಮೇಲೆ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಲು ಕಲಿತಳು. ಏನೇ ಕೆಡಲಿ, ಅಡ್ಡದಾರಿ ಹಿಡಿಯುವವಳಲ್ಲ. ಪರದೆಯ ಮೇಲೆ ಬಂದ ಪ್ರತಿ ದೋಷವನ್ನೂ ಉದ್ದನೆಯ ನೋಟ್‌ಬುಕ್ಕಿಗೆ ಪೆನ್ಸಿಲಿನಲ್ಲಿ ಕೈಯಾರೆ ಇಳಿಸಿಕೊಳ್ಳುತ್ತಾಳೆ. "ಕಣ್ಣು ಸಾಲು ಹಾರಿಸಿಬಿಡುತ್ತೆ ಕಣೋ, ಕೈ ಹಾರಿಸಲ್ಲ" ಅನ್ನುವುದು ಆಕೆಯ ವಾದ.

ಈ ಸಲ ಕಾಟ ಕೊಡುತ್ತಿದ್ದದ್ದು ಪ್ಯಾಕೇಜ್ ಮ್ಯಾನೇಜರ್. ಅದೆಂದರೆ ಕಂಪ್ಯೂಟರಿನೊಳಗಿನ ಉಗ್ರಾಣಿ: ಒಂದು ತಂತ್ರಾಂಶ ಬೇಕೆಂದರೆ ಅದಕ್ಕೆ ಬೇಕಾದ ಇನ್ನಿಪ್ಪತ್ತನ್ನೂ ಇಂಟರ್‌ನೆಟ್ಟಿನಿಂದ ತಾನೇ ತಂದು ಜೋಡಿಸುತ್ತದೆ. ಯಾರ್ಯಾರೋ ಸೇರಿ ಬರೆದದ್ದು, ಒಳಗಿನ ಬರಹವನ್ನು ಎಲ್ಲರಿಗೂ ಬಿಚ್ಚಿಟ್ಟದ್ದು. ಆದರೆ ಈ ಉಗ್ರಾಣಿಗೊಂದು ದುರಭ್ಯಾಸ. ಅರ್ಧ ತಂದಾಗ ಇಂಟರ್‌ನೆಟ್ ಕಡಿದರೆ, ತಂದದ್ದನ್ನೆಲ್ಲ ಬಿಸಾಡಿ ಬರಿಗೈಯಲ್ಲಿ ಮತ್ತೆ ಹೊರಡುತ್ತಿತ್ತು. ಕೇಂದ್ರದ ಇಂಟರ್‌ನೆಟ್ಟೋ ಗಂಟೆಗೆ ನಾಲ್ಕು ಸಲ ಕಡಿಯುವಂಥದ್ದು. ಹನ್ನೆರಡು ಹಳೆಯ ಕಂಪ್ಯೂಟರುಗಳು ಖಾಲಿ ಹೊಟ್ಟೆಯಲ್ಲಿ ಕೂತಿದ್ದವು. ಶುಕ್ರವಾರ ಸಂಜೆಯೊಳಗೆ ನಡೆಯದಿದ್ದರೆ ಅವು ಗುಜರಿಗೆ, ಕೊಠಡಿ ಬಾಡಿಗೆಗೆ, ಕಲಿಯಲು ಬರುವ ಹನ್ನೆರಡು ಹೆಂಗಸರು ಮನೆಗೆ ಎಂದು ಕೇಂದ್ರದ ಸಾಹೇಬರು ಹೇಳಿಯಾಗಿತ್ತು.

ಅದಕ್ಕೇ ಆಕೆ ಮೂಲ ಬರಹವನ್ನೇ ತಂದು, ತಿದ್ದಿ, ಉಗ್ರಾಣಿಯನ್ನು ಹೊಸದಾಗಿ ಕಟ್ಟುತ್ತಿದ್ದಳು. ಹಳೆ ಯಂತ್ರ, ಒಂದು ಸಲ ಕಟ್ಟಲು ಮೂರೂಮುಕ್ಕಾಲು ಗಂಟೆ. ದಿನಾ ನಾಲ್ಕಕ್ಕೆ ಮನೆಯಿಂದ ಅತ್ತೆಯ ಫೋನು. ಸೊಸೆಯ ಕೆಲಸವನ್ನು ಅವರು ತಮಗೆ ತಿಳಿದ ಅಡುಗೆಯಂತೆಯೇ ತಿಳಿದುಕೊಂಡಿದ್ದರು.

"ಬೆಂತೇನೇ?"

"ಇಲ್ಲ ಅತ್ತೆ, ತಳ ಹತ್ತಿತು."

"ಉರಿ ಸಣ್ಣ ಮಾಡು."

"ಹೂಂ."

ಕೇಳುತ್ತಿದ್ದ ಹೊಸಬನ ಮನಸ್ಸು ಚುರುಕ್ಕೆಂದಿತು. ಪ್ರಾಯಶ್ಚಿತ್ತ ಮಾಡಿಯೇಬಿಡೋಣ ಎಂದು, ಮಂಗಳವಾರ ಆಕೆ ಬರುವ ಮುಂಚೆಯೇ ಅದೇ ಉಗ್ರಾಣಿಯ ಸಿದ್ಧಪ್ರತಿಯೊಂದನ್ನು ಆಕೆಯ ಕಂಪ್ಯೂಟರಿಗೆ ಹಾಕಿಟ್ಟ. ನಾಲ್ಕೇ ನಿಮಿಷದ ಕೆಲಸ. ಒಂದು ಹೆಚ್ಚಿಗೆ ಇದ್ದರೆ ಕೈಗೆ ಒದಗೀತು ಎಂಬುದು ಅವನ ಬುದ್ಧಿವಂತಿಕೆ. ಹೇಳಿದರೆ ಪ್ಲಗ್ಗಿನ ಮಾತೂ ಎದ್ದೀತೆಂದು ಬಾಯಿ ಬಿಡಲಿಲ್ಲ.

ಅಂದು ಮಧ್ಯಾಹ್ನ ಆಕೆಯ ಉಗ್ರಾಣಿ ಕಟ್ಟಿ ಮುಗಿಯಿತು. ಹೆಸರು ಟೈಪಿಸಿ ಕರೆದಳು. ಇಂಟರ್‌ನೆಟ್ ಕಡಿಯಿತು, ಅದು ಎಲ್ಲವನ್ನೂ ಬಿಸಾಡಿ ಮತ್ತೆ ಹೊರಟಿತು. ಬುಧವಾರ ಮತ್ತೆ ತಿದ್ದಿದಳು, ಕಟ್ಟಿದಳು, ಕರೆದಳು. ಅದೇ ರಾಗ, ಅದೇ ಹಾಡು. ನೋಟ್‌ಬುಕ್ಕಿನಲ್ಲಿ ಹದಿನೇಳು ಪುಟ ತುಂಬಿದವು. ಸಾಹೇಬರು ಬಾಗಿಲಲ್ಲಿ ನಿಂತು, "ಗುಜರಿಯವನಿಗೆ ಹೇಳಲಾ?" ಅಂದರು.

"ಶುಕ್ರವಾರ ಅಂದಿದ್ರಿ ಸರ್. ಇವತ್ತು ಬುಧವಾರ" ಅಂದಳು ಆಕೆ, ತಲೆ ಎತ್ತದೆ.

ಗುರುವಾರ ಬೆಳಿಗ್ಗೆ ಮೂಲ ಬರಹದ ಶುರುವಿಗೇ ಒಂದು ಸಾಲು ಸೇರಿಸಿದಳು: ಕರೆದ ಕೂಡಲೇ ಉಗ್ರಾಣಿ 'ಬಂದೆ' ಎಂದು ಪರದೆಯ ಮೇಲೆ ಬರೆಯಬೇಕು. ಕಟ್ಟಿ, ಕರೆದಳು. ಉಗ್ರಾಣಿ ಬಂತು, 'ಬಂದೆ' ಅನ್ನಲಿಲ್ಲ.

ಆಕೆ ಪೆನ್ಸಿಲ್ ಕೆಳಗಿಟ್ಟಳು. "ನಾನು ಕರೆದವನು ಬರ್ತಾ ಇಲ್ಲ. ಇನ್ಯಾರೋ ಓಗೊಡ್ತಾ ಇದಾನೆ. ಇನ್ನೊಬ್ಬನ್ನ ಇಲ್ಲಿ ನಾನಂತೂ ಇಟ್ಟಿಲ್ಲ."

ಹೊಸಬ ಎದ್ದು ನಿಂತ. "ಅಕ್ಕ, ಇಟ್ಟಿದ್ದು ನಾನು. ಉಪಕಾರ ಆಗ್ಲಿ ಅಂತ."

ಒಂದೇ ಹೆಸರಿನವರು ಇಬ್ಬರಿದ್ದರೆ ಕಂಪ್ಯೂಟರು ಮೊದಲು ಸಿಕ್ಕವನನ್ನೇ ಕರೆತರುತ್ತದೆ. ಹೊಸಬ ತಂದ, ಹಳೆಯ ದುರಭ್ಯಾಸದವನು ಬಾಗಿಲಲ್ಲೇ ಕೂತಿದ್ದ. ಆಕೆ ಕಟ್ಟಿದವನು ಒಳಕೋಣೆಯಲ್ಲಿದ್ದ. ಮೂರು ದಿನದಿಂದ ಆಕೆ ಹೊಸ ಅಡುಗೆ ಮಾಡಿ, ಹಳೆ ಪಾತ್ರೆಯಿಂದ ರುಚಿ ನೋಡುತ್ತಿದ್ದಳು.

"ತೆಗಿ ಅದನ್ನ."

ತೆಗೆದ. ಆಕೆ ಮತ್ತೆ ಕರೆದಳು. 'ಬಂದೆ.'

"ಈಗ ಅದು ಸಾಮಾನು ತರ್ತಿರೋವಾಗ ಇಂಟರ್‌ನೆಟ್ ಕೇಬಲ್ ಕೀಳು. ಕೀಳೋದ್ರಲ್ಲಿ ನಿನ್ನ ಕೈ ಪಳಗಿದೆಯಲ್ಲ."

ಹೊಸಬನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೂರಕ್ಕೆ ಅರವತ್ತು ಪಾಲು ಬಂದಾಗ ಕಿತ್ತ. ಹತ್ತು ಎಣಿಸಿ ಮತ್ತೆ ಚುಚ್ಚಿದ. ಉಗ್ರಾಣಿ ಒಂದು ಗಳಿಗೆ ಸುಮ್ಮನಿದ್ದು, ಅರವತ್ತೊಂದರಿಂದ ಮುಂದಕ್ಕೆ ಹೊರಟಿತು. ಮಂಗಳವಾರದ ತಿದ್ದುಪಡಿಗೇ ಅದು ದಾರಿಗೆ ಬಂದಿತ್ತು ಎಂಬುದು ನೋಟ್‌ಬುಕ್ ತಿರುವಿ ಹಾಕಿದಾಗ ಗೊತ್ತಾಯಿತು. ಆಕೆ ಆ ಪುಟಕ್ಕೊಂದು ಸರಿ ಗುರುತು ಹಾಕಿ ಮುಂದಕ್ಕೆ ತಿರುವಿದಳು. ಬೈದಿದ್ದರೇ ವಾಸಿಯಿತ್ತು ಎಂದು ಹೊಸಬನಿಗೆ ಅನ್ನಿಸಿತು.

ನಾಲ್ಕಕ್ಕೆ ಫೋನು ಬಂತು.

"ಬೆಂತು ಅತ್ತೆ."

ಶುಕ್ರವಾರ ಮೂರರ ಹೊತ್ತಿಗೆ ಹನ್ನೆರಡೂ ಕಂಪ್ಯೂಟರುಗಳು ಓಡುತ್ತಿದ್ದವು. ಆಕೆ ತನ್ನ ತಿದ್ದುಪಡಿಯನ್ನು, ಆ ಉಗ್ರಾಣಿಯನ್ನು ನೋಡಿಕೊಳ್ಳುವ ಮುಖ ಕಾಣದ ಜನಕ್ಕೂ ಕಳಿಸಿದಳು. ಸಾಹೇಬರು ಬಂದು ಒಂದೊಂದೇ ಪರದೆ ನೋಡಿದರು. ಬೈಯಲು ಏನೂ ಸಿಗದೆ, "ಇಷ್ಟಕ್ಕೆ ಇಡೀ ವಾರ ಯಾಕೆ ಬೇಕಾಯ್ತು?" ಅಂದರು.

"ಒಂದು ಪ್ಲಗ್ ಸಡಿಲ ಇತ್ತು ಸರ್. ಬಿಗಿ ಮಾಡಿದೀನಿ."

ಅವರು ಹೋದ ಮೇಲೆ ಹೊಸಬನಿಗೆ ತಡೆಯಲಾಗಲಿಲ್ಲ. "ಅಕ್ಕ, ಎರಡೂ ನನ್ನದೇ ಕೆಲಸ ಅಂತ ಯಾಕೆ ಹೇಳ್ಲಿಲ್ಲ? ಪಾಪ ಅನ್ನಿಸ್ತಾ?"

ಆಕೆ ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿದಳು.

"ಪಾಪ ಏನಿಲ್ಲ. ಹೇಳಿದ್ರೆ ನಿನ್ನ ತೆಗೆದು ಇನ್ನೊಬ್ಬನ್ನ ತರ್ತಾರೆ. ಅವನು ಪ್ಲಗ್ ಕೀಳೋದನ್ನ ಮೊದಲಿಂದ ಶುರು ಮಾಡ್ತಾನೆ."