ವಾ ಪೆಡಲ್‌ನ ಪೆಟ್ಟು

ಎಂಬತ್ತರ ದಶಕ. ಹುಮನಾಬಾದಿನ ಮದುವೆಯೊಂದರಲ್ಲಿ ನನ್ನ ಬೇಸ್ ಗಿಟಾರಿಗೆ ವಾ ಪೆಡಲ್ ಜೋಡಿಸಿದ್ದೆ. ದನಿಯನ್ನು ‘ವಾ-ವಾ’ ಎಂದು ತಿರುಚುವ ಆ ಲೋಹದ ಪೆಟ್ಟಿಗೆ ಲೀಡ್ ಗಿಟಾರಿಗೆಂದು ಮಾಡಿದ್ದು. ಕಾಲಿಟ್ಟು ಒತ್ತಿದ್ದೇ ತಡ, ಬೇಸಿನ ದಪ್ಪ ದನಿ ಸತ್ತೇಹೋಯಿತು. ಕುಣಿಯುತ್ತಿದ್ದವರು ನಿಂತುಬಿಟ್ಟರು. ಆರ್ಕೆಸ್ಟ್ರಾದ ಮಾಲೀಕ ಎಲ್ಲರೆದುರು ನನ್ನ ಕಪಾಳಕ್ಕೆ ಬಾರಿಸಿದ. ತುಟಿ ಒಡೆಯಿತು.

ಮರುದಿನ ಬಸವಕಲ್ಯಾಣದ ರೇಡಿಯೊ ರಿಪೇರಿಯವನ ಮುಂದೆ ಪೆಡಲ್ ಕುಕ್ಕಿದೆ. “ಇದರ ಸಲುವಾಗಿ ಮಾಲಕ ಹೊಡದನ್ರಿ. ಇದನ್ನ ಪುಡಿಪುಡಿ ಮಾಡ್ತೀನಿ.”

“ಹೊಡದಾಂವ ಅವ ಅಲ್ಲೇನ್ರಿ, ಇದೇನ್ ಮಾಡ್ಯಾದ?” ಎನ್ನುತ್ತ ಅವನು ಬೇಸಿನ ದನಿ ಸಾಯದಂತೆ ಒಳಗಿನ ಕೆಪಾಸಿಟರ್ ಬದಲಿಸಿಕೊಟ್ಟ.

ಮುಂದಿನ ಮದುವೆಯಲ್ಲಿ ಒತ್ತಿದೆ. ದಪ್ಪ ದನಿ ಎದೆಗೇ ಗುದ್ದಿತು, ಜನ ಹುಚ್ಚೆದ್ದು ಕುಣಿದರು. ಮಾಲೀಕ “ಶಭಾಶ್” ಎಂದು ಕೆನ್ನೆ ತಟ್ಟಲು ಅದೇ ಕೈ ಎತ್ತಿದ. ನಾನು ಪೆಡಲ್ ಕಿತ್ತು ಅವನ ಬಾಯಿಗೆ ಬೀಸಿದೆ.

ಎರಡು ಹಲ್ಲು ಉದುರಿದವು. ಪೆಡಲಿಗೆ ಏನೂ ಆಗಲಿಲ್ಲ.