ನಿಂತು ನಿಂತು ಓಡಿದ ಟಂಟಂ

ನಾನು ವಿಜಯಪುರದಲ್ಲಿ ಡಿಗ್ರಿ ಓದುತ್ತಿದ್ದಾಗ ಅಪ್ಪ ಹೊಸ ಟಂಟಂ ಕೊಂಡ. ನಮ್ಮ ಊರು ತೊರವಿ. ಅಜ್ಜನ ಕಾಲದಿಂದ ಕುರಿ ಸಾಕಿದ ಮನೆತನ. ಊರ ಸುತ್ತ ಕಟ್ಟಡಗಳು ಎದ್ದು, ಮೇಯಿಸಲು ಬಯಲೇ ಉಳಿಯದೆ ಹೋದಾಗ ಅಪ್ಪ ಹಿಂಡನ್ನು ಮಾರಿದ. ಕೆಲವು ಕಾಲ ಬೇರೆಯವರ ಗಾಡಿ ಓಡಿಸಿ ಕೈ ಪಳಗಿದ ಮೇಲೆ, ತನ್ನದೇ ಒಂದು ಇರಲಿ ಎಂದು ಈ ಮೂರು ಗಾಲಿಯ ಸವಾರಿ ಗಾಡಿಯನ್ನು ತಂದ. ತಿಕೋಟಾದಿಂದ ತೊರವಿ ಹಾದು ವಿಜಯಪುರಕ್ಕೆ, ಅಲ್ಲಿಂದ ಮತ್ತೆ ತಿಕೋಟಾಕ್ಕೆ. ದಿನವೂ ಅದೇ ದಾರಿ.

ಗಾಡಿ ಕೊಟ್ಟ ದಿನ ಶೋರೂಮಿನವರು ಅಪ್ಪನಿಗೆ ಮಾಲೆ ಹಾಕಿದರು. ಪೇಢೆ ತಿನ್ನಿಸಿ, ರಟ್ಟಿನಲ್ಲಿ ಮಾಡಿದ ದೊಡ್ಡ ಕೀಲಿಕೈಯೊಂದನ್ನು ಅವನ ಕೈಗೆ ಹಿಡಿಸಿ ಫೋಟೋ ತೆಗೆದರು. ನಗ್ರಿ ಕಾಕಾ, ನಗ್ರಿ ಎಂದು ಎಷ್ಟು ಹೇಳಿದರೂ ಅಪ್ಪ ಹಲ್ಲು ಕಚ್ಚಿ ಸೈನ್ಯದವನ ಹಾಗೆ ನಿಂತಿದ್ದ. ಅಲ್ಲಿಂದ ನೇರ ಸಿದ್ಧೇಶ್ವರ ಗುಡಿಗೆ ಹೋಗಿ ಕಾಯಿ ಒಡೆಸಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಿದೆವು. ಊರಿಗೆ ಬರುವಾಗ ಅವ್ವ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು, ದಾರಿಯಲ್ಲಿ ಗುರುತಿನವರು ಕಂಡರೆ ಸಾಕು, ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಆ ಮುಂಜಾವುಗಳನ್ನು ನೆನೆದರೆ ಈಗಲೂ ನನ್ನ ಮೂಗಿಗೆ ಮೊಸರಿನ ವಾಸನೆ ಬರುತ್ತದೆ. ತಿಕೋಟಾದಿಂದ ಬರುವ ಮೊದಲ ಸವಾರಿಯಲ್ಲಿ ನಾನು ತೊರವಿಯಲ್ಲಿ ಹತ್ತುವ ಹೊತ್ತಿಗೆ ಮೊಸರು ಮಾರುವ ಮುದುಕಿ, ನಮ್ಮೆಲ್ಲರ ಆಯಿ, ತನ್ನ ಗಡಿಗೆಗಳನ್ನು ಕಾಲ ನಡುವೆ ಇಟ್ಟುಕೊಂಡು ಕೂತಿರುತ್ತಿದ್ದಳು. ಅವಳ ಸ್ವಂತ ಊರು ಬಬಲೇಶ್ವರ. ತಿಕೋಟಾದ ಮಗಳ ಮನೆಯಲ್ಲಿ ಎಮ್ಮೆಗಳಿದ್ದವು. ವಾರದ ಬಹುಪಾಲು ಅಲ್ಲೇ ಇದ್ದು, ವಿಜಯಪುರಕ್ಕೆ ಬಂದು ಸಿದ್ಧೇಶ್ವರ ಗುಡಿಯ ಹತ್ತಿರದ ಬಜಾರಿನಲ್ಲಿ ಮೊಸರು ಮಾರಿ ಹೋಗುತ್ತಿದ್ದಳು. ಅವಳ ಎದುರಿಗೆ ವಿಜಯಪುರದ ಶಾಲೆಯೊಂದಕ್ಕೆ ಹೋಗುವ ಮಾಸ್ತರು. ಇಬ್ಬರಿಗೂ ದಿನಾ ಒಂದಿಲ್ಲೊಂದು ವಾದ. ಮಳೆ ಬರುತ್ತದೋ ಇಲ್ಲವೋ, ಜೋಳದ ರೊಟ್ಟಿ ಮೇಲೋ ಸಜ್ಜೆ ರೊಟ್ಟಿ ಮೇಲೋ. ಅಪ್ಪ ಕನ್ನಡಿಯಲ್ಲಿ ಅವರನ್ನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. ಶೋರೂಮಿನಲ್ಲಿ ಬಾರದ ನಗು ಅಲ್ಲಿ ಬರುತ್ತಿತ್ತು.

ಮೊದಲ ಸಲ ಗಾಡಿ ಬಂದ್ ಬಿದ್ದದ್ದು ತೊರವಿ ದಾಟಿದ ಏರಿನಲ್ಲಿ. ಹೊಸ ಗಾಡಿ, ಇನ್ನೂ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಅಪ್ಪ ಕೆಳಗಿಳಿದು ಏನೇನೋ ಮಾಡಿದ. ಎಂಜಿನ್ ತಣ್ಣಗಾಗುವವರೆಗೆ ಕಾದ ಮೇಲೆ, ಏನೂ ಆಗಿಲ್ಲವೆಂಬಂತೆ ಅದು ತಾನೇ ಚಾಲೂ ಆಯಿತು.

"ಹೊಸಾ ಹರೇದ ಹುಡುಗಿ ಇದ್ದಂಗ ಐತಿ ಯಪ್ಪಾ, ಸಿಟ್ಟು ಮಾಡೇತಿ" ಎಂದಳು ಆಯಿ. ಎಲ್ಲರೂ ನಕ್ಕೆವು.

ಆ ವಾರವೇ ಮತ್ತೊಮ್ಮೆ ನಿಂತಿತು. ಆಮೇಲೆ ಮತ್ತೆ. ಜನ ತುಂಬಿ, ಬಿಸಿಲೇರಿ, ದೂರ ಓಡಿದ ಮೇಲೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು. ಅಪ್ಪ ಶೋರೂಮಿನ ಸರ್ವಿಸ್‌ಗೆ ಒಯ್ದು ಬಿಡುತ್ತಿದ್ದ. ಅವರು ಖಾಲಿ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹೊಡೆಸಿ, ಎಲ್ಲ ಸರಿಯಿದೆ ಎಂದು ಚೀಟಿ ಬರೆದು ಕಳಿಸುತ್ತಿದ್ದರು. ಒಮ್ಮೆ ಪಂಪು ಬದಲಿಸಿದರು, ಒಮ್ಮೆ ವೈರಿಂಗ್ ಪೂರ್ತಿ ಬಿಚ್ಚಿ ಹಾಕಿದರು. ಮನೆಗೆ ತಂದ ಮಾರನೆಯ ದಿನವೇ ಅದು ರಸ್ತೆಯ ಬದಿಯಲ್ಲಿ ನಿಂತಿರುತ್ತಿತ್ತು.

ಈಗ ಯೋಚಿಸಿದರೆ ವಿಚಿತ್ರ ಅನ್ನಿಸುತ್ತದೆ. ಅಪ್ಪನಿಗೆ ಅಷ್ಟು ತ್ರಾಸು ಕೊಟ್ಟ ಆ ನಿಲುಗಡೆಗಳೇ ನನಗೆ ಇವತ್ತು ಹೆಚ್ಚು ನೆನಪಾಗುವುದು. ಬೇವಿನ ಮರವೋ, ಯಾರದೋ ದ್ರಾಕ್ಷಿ ತೋಟದ ಬೇಲಿಯೋ ಸಿಕ್ಕರೆ ಅದರ ನೆರಳಿನಲ್ಲಿ ನಾವು ಸಾಲಾಗಿ ಕೂತುಬಿಡುತ್ತಿದ್ದೆವು. ಮಾಸ್ತರು ನನ್ನ ಇತಿಹಾಸದ ಪುಸ್ತಕ ಇಸಿದುಕೊಂಡು ಪ್ರಶ್ನೆ ಕೇಳುತ್ತಿದ್ದರು. ಬಿಸಿಲಿಗೆ ಮೊಸರು ಹುಳಿಯಾಗುತ್ತದೆಂದು ಗೊತ್ತಾದಾಗ ಆಯಿ ಒಂದು ಗಡಿಗೆಯ ಬಾಯಿ ಬಿಚ್ಚಿ, ನೀರು ಬೆರೆಸಿ, ಎಲ್ಲರಿಗೂ ಮಜ್ಜಿಗೆ ಕುಡಿಸುತ್ತಿದ್ದಳು. ಹಿಂದಿನಿಂದ ಬೇರೆ ಟಂಟಂ ಬಂದು ನಿಧಾನ ಮಾಡಿ, "ಬರ್ರಿ, ಜಾಗಾ ಐತಿ" ಎಂದು ಕರೆದರೆ ಆಯಿ ಕೈ ಬೀಸಿ ಕಳಿಸುತ್ತಿದ್ದಳು.

"ನೀವು ಹೋಗ್ರಿ. ನಮ್ಮ ಗಾಡಿ ಈಗ ಏಳತೈತಿ."

ಹಾಗೆ ಅವಳು ಹೇಳಿದಾಗೆಲ್ಲ ಅಪ್ಪ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ.

ಕೊನೆಗೊಂದು ದಿನ ಅಪ್ಪ ನನ್ನನ್ನೂ ಕರೆದುಕೊಂಡು ಶೋರೂಮಿನ ಮ್ಯಾನೇಜರ್ ಮುಂದೆ ಹೋಗಿ ಕೂತ. ಜಗಳ ಆಡಲಿಲ್ಲ. ಮೆಲ್ಲಗೆ ಹೇಳಿದ:

"ನೋಡ್ರಿ ಸಾಹೇಬ್ರ, ದನದ ಸಂತ್ಯಾಗ ನಾ ಒಂದ್ ಎಮ್ಮಿ ಕೊಂಡು ಮನಿಗೆ ಒಯ್ದೆ ಅನ್ರಿ. ಹಾಲ ಕೊಡವಲ್ದು, ಕಾಲ ಎಳೀತೈತಿ. ಮುಂದಿನ ಸಂತಿಗೆ ಹೊಡಕೊಂಡು ಬಂದ್ರ, ಮಾರಿದಾಂವ ನಾಚಿಕೊಂಡು ವಾಪಸ್ ತೊಗೋತಾನ. ನಾನೂ ಹಂಗ ಕುರಿ ವಾಪಸ್ ತೊಗೊಂಡೇನಿ. ನೀವೂ ತೊಗೋರಿ. ಬ್ಯಾರೆ ಗಾಡಿ ಕೊಡ್ರಿ."

ಮ್ಯಾನೇಜರ್ ನಕ್ಕ. ಕೆಟ್ಟವನೇನಲ್ಲ, ಆದರೆ ನಕ್ಕ. "ಕಾಕಾ, ಇದು ಎಮ್ಮಿ ಅಲ್ಲರಿ. ಕಂಪನಿ ರೂಲ್ ಇರ್ತಾವ. ರಿಪೇರಿ ಮಾಡಿ ಕೊಡತೇವಿ, ಬದಲಿ ಮಾಡಾಕ ಬರಂಗಿಲ್ಲ. ಮತ್ತ ನೀವು ಮಂದೀನ ಭಾಳ ತುಂಬತೀರಿ, ಅದಕ್ಕ ಬಂದ್ ಬೀಳತೈತಿ."

ಆ ಮಾತು ಅಪ್ಪನಿಗೆ ನಾಟಿತು. ಆ ದಿನದಿಂದ ಪರ್ಮಿಟ್‌ನಲ್ಲಿ ಬರೆದುದಕ್ಕಿಂತ ಒಬ್ಬರನ್ನೂ ಹೆಚ್ಚಿಗೆ ಹತ್ತಿಸಲಿಲ್ಲ. ಗಾಡಿ ಆಗಲೂ ನಿಂತಿತು.

ಗ್ರಾಹಕರ ಆಯೋಗದ ವಿಷಯ ಹೇಳಿದವರು ಮಾಸ್ತರು. ವಕೀಲರನ್ನು ಹಿಡಿಯದೆಯೂ ನಾವೇ ಹೋಗಿ ಹೇಳಿಕೊಳ್ಳಬಹುದು ಎಂದರು. ನಾನು ಮನೆಯಲ್ಲಿ ಕೂತು ಅರ್ಜಿ ಬರೆದೆ. ಅಪ್ಪ ಹೇಳಿದ್ದು, ನಾನು ಬರೆದದ್ದು. ನಡುನಡುವೆ ಅವ್ವ ಬಂದು, "ಮಾಲಿ ಹಾಕಿದ್ದು ಬರದಿ ಇಲ್ಲ? ಅದನ್ನ ಬರಿ" ಎಂದು ಹೇಳಿ ಹೋಗುತ್ತಿದ್ದಳು. ಮಾಲೆಯ ಸಂಗತಿ ಅರ್ಜಿಯಲ್ಲಿ ಯಾಕೆ ಬೇಕೆಂದು ನಾನು ಬರೆಯಲಿಲ್ಲ.

ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಹೋಗುವುದು, ಕಾಯುವುದು, ಇನ್ನೊಂದು ತಾರೀಖು ತೆಗೆದುಕೊಂಡು ಬರುವುದು. ಒಂದು ದಿನ ಕಂಪನಿಯ ವಕೀಲರು ಎದ್ದು ನಿಂತು, ಇದು ವ್ಯಾಪಾರಕ್ಕೆಂದು ಕೊಂಡ ವಾಹನ, ಆದ್ದರಿಂದ ಅರ್ಜಿದಾರರು ಕಾನೂನಿನ ಪ್ರಕಾರ ಗ್ರಾಹಕರೇ ಅಲ್ಲ ಎಂದು ವಾದಿಸಿದರು. ಅಪ್ಪನಿಗೆ ಮೊದಲು ತಿಳಿಯಲಿಲ್ಲ. ನಾನು ಕಿವಿಯಲ್ಲಿ ಹೇಳಿದೆ: "ನೀ ಗಿರಾಕಿನ ಅಲ್ಲ ಅನ್ನಾಕತ್ತಾರಪ್ಪಾ."

ಅಪ್ಪ ಎದ್ದು ನಿಂತ. ವಕೀಲರ ಕಡೆ ತಿರುಗಿ ಕೈ ಮುಗಿದ.

"ಸಾಹೇಬ್ರ, ನಾ ಗಿರಾಕಿ ಅಲ್ಲಂದ್ರ ನನಗ ಮಾಲಿ ಯಾಕ ಹಾಕಿದ್ರಿ? ಪೇಢೆ ಯಾಕ ತಿನಿಸಿದ್ರಿ? ಅವತ್ತ ಗಿರಾಕಿ ಇದ್ದಾಂವ ಇವತ್ತ ಹ್ಯಾಂಗ ಇಲ್ಲದಂಗಾದೆ?"

ಪೀಠದ ಮೇಲಿದ್ದ ಮಹಿಳಾ ಸದಸ್ಯರು ನಗು ತಡೆಯಲು ತಲೆ ತಗ್ಗಿಸಿದರು. ಅಧ್ಯಕ್ಷರು ನಗಲಿಲ್ಲ. ಗಾಡಿ ಯಾರು ಓಡಿಸುತ್ತಾರೆ, ಡ್ರೈವರ್ ಇಟ್ಟಿದ್ದೀರಾ, ಇದೊಂದೇ ಗಾಡಿಯೋ ಇನ್ನೂ ಇವೆಯೋ ಎಂದು ಕೇಳಿದರು. ನಾನೇ ಓಡಸತೇನ್ರಿ, ಇದೊಂದ ಐತ್ರಿ, ಇದರ ಮ್ಯಾಲ ಮನಿ ನಡೀತೈತ್ರಿ ಎಂದ ಅಪ್ಪ. ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡವನು ಗ್ರಾಹಕನೇ, ಕಾನೂನು ಅವನನ್ನು ಹೊರಗಿಟ್ಟಿಲ್ಲ ಎಂದು ಅಧ್ಯಕ್ಷರು ವಕೀಲರಿಗೆ ಹೇಳಿದರು. ಆಚೆ ಬಂದಾಗ, ಅವತ್ತು ನಮ್ಮ ಜೊತೆ ಬಂದಿದ್ದ ಅವ್ವ ನನ್ನ ಕಡೆ ನೋಡಿದಳು. "ಮಾಲಿದು ಬರಿ ಅಂದಿದ್ನಿ" ಎಂದಷ್ಟೇ ಅಂದಳು.

ಆದರೆ ದೋಷ ತಯಾರಿಕೆಯದೋ ಓಡಿಸುವವನದೋ ಎಂಬುದು ತೀರ್ಮಾನವಾಗಬೇಕಿತ್ತು. ಅದಕ್ಕಾಗಿ ವಾಹನ ನಿರೀಕ್ಷಕರೊಬ್ಬರನ್ನು ನೇಮಿಸಿದರು. ಅವರು ಗಾಡಿಯನ್ನು ಜನ ಕೂಡಿಸಿಯೇ ಓಡಿಸಿ ನೋಡುವುದಾಗಿ ಹೇಳಿದರು. ಸುದ್ದಿ ಹೇಗೆ ಹರಡಿತೋ, ಆ ಮಧ್ಯಾಹ್ನ ವಿಜಯಪುರದ ಸ್ಟ್ಯಾಂಡಿನಲ್ಲಿ ನಮ್ಮ ದಿನದ ಸವಾರಿಯವರೆಲ್ಲ ಬಂದು ನಿಂತಿದ್ದರು. ನಿರೀಕ್ಷಕರು ಪರ್ಮಿಟ್‌ನಷ್ಟೇ ಮಂದಿ ಎಂದಾಗ ಯಾರು ಕೂರಬೇಕೆಂದು ಜಗಳವೇ ಆಯಿತು. ಆಯಿ ಯಾರನ್ನೂ ಕೇಳದೆ ಮೊದಲು ಹತ್ತಿ ಕೂತುಬಿಟ್ಟಳು. ಶಾಲೆಗೆ ರಜೆ ಹಾಕಿ ಬಂದ ಮಾಸ್ತರು, ನಾನು, ನಿರೀಕ್ಷಕರು, ಕಂಪನಿಯ ಕಡೆಯ ಮೆಕ್ಯಾನಿಕ್, ಇಷ್ಟು ಜನ ಕೂತೆವು, ಅಪ್ಪ ಗಾಡಿ ಹೊರಡಿಸಿದ.

ಏಪ್ರಿಲ್ ತಿಂಗಳ ಬಿಸಿಲು. ಗಾಡಿ ತೊರವಿ ದಾಟಿತು. ಮುಂದಿನ ಏರುಗಳನ್ನೂ ಸಲೀಸಾಗಿ ಹತ್ತಿತು. ದಿನಾ ನಿಲ್ಲುತ್ತಿದ್ದ ಒಂದೊಂದು ಜಾಗವನ್ನೂ ಅದು ಜಿಂಕೆಯ ಹಾಗೆ ದಾಟಿ ಹೋಗುತ್ತಿದ್ದರೆ ನಮ್ಮ ಮುಖಗಳು ಬಾಡುತ್ತ ಹೋದವು. ಮೆಕ್ಯಾನಿಕ್ ಮೀಸೆಯಲ್ಲೇ ನಗುತ್ತಿದ್ದ. ತಿಕೋಟಾ ಬಂತು. ಎಂಜಿನ್ ಗಡಿಯಾರದ ಹಾಗೆ ಓಡುತ್ತಲೇ ಇತ್ತು. ತನ್ನ ಗಾಡಿ ಚೆನ್ನಾಗಿ ಓಡಿತೆಂದು ಅಪ್ಪ ಸಪ್ಪಗಾಗಿ ಕೂತದ್ದನ್ನು ನಾನು ಅದೊಂದೇ ದಿನ ನೋಡಿದ್ದು.

ನಿರೀಕ್ಷಕರು ಒಳ್ಳೆಯ ಮನುಷ್ಯ. ಎಲ್ಲರಿಗೂ ಚಹಾ ಹೇಳಿದರು. ಕುಡಿದು ಮುಗಿಸಿ, "ಇನ್ನ ವಾಪಸ್ ಹೋಗೂಣ್ರಿ" ಎಂದರು.

ಆಗ ಆಯಿ, "ಯಪ್ಪಾ ಸಾಹೇಬಾ, ಇವತ್ತ ನನ್ನ ಊರಿಗೆ ಹೋಗೂ ದಿನಾ. ಇಷ್ಟ ದೂರ ಬಂದೀರಿ, ನನ್ನ ಬಬಲೇಶ್ವರದ ತನಕ ಬಿಟ್ಟ ಹೋಗ್ರಿ" ಎಂದಳು.

"ಆಯಿ, ಇದು ಸರಕಾರಿ ತಪಾಸಣಿ ಐತಿ, ಸವಾರಿ ಅಲ್ಲ" ಎಂದ ಮೆಕ್ಯಾನಿಕ್.

"ನಿನಗ ಯಾಕೋ ಹೆದರಿಕಿ? ಗಾಡಿ ಛಲೋ ಐತಿ ಅಂತಿ, ಓಡ್ಲಿ ಮತ್ತ."

ನಿರೀಕ್ಷಕರು ಇಬ್ಬರನ್ನೂ ನೋಡಿದರು. ಆಮೇಲೆ ಗಾಡಿ ಹತ್ತಿ, "ನಡೀರಿ, ಬಬಲೇಶ್ವರ" ಎಂದರು.

ಬಬಲೇಶ್ವರ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಎರಡೂ ಕಡೆ ಕಪ್ಪು ಹೊಲ, ನೆರಳಿಗೆ ಒಂದು ಗಿಡವಿಲ್ಲ. ಎಂಜಿನ್ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ, ನಡುಗಿ, ನಿಂತೇಬಿಟ್ಟಿತು.

"ಬಂದ್ ಬಿತ್ತು!" ಎಂದು ಆಯಿ ಚಪ್ಪಾಳೆ ತಟ್ಟಿದಳು. ಮಾಸ್ತರು ನನ್ನ ಬೆನ್ನು ತಟ್ಟಿದರು, ಗಾಡಿಯನ್ನು ನಾನೇ ನಿಲ್ಲಿಸಿದೆನೇನೋ ಎಂಬಂತೆ. ಮೆಕ್ಯಾನಿಕ್ ಬೆವರು ಸುರಿಸುತ್ತ ಏನೆಲ್ಲ ಮಾಡಿದರೂ ಅದು ಏಳಲಿಲ್ಲ. ನಿರೀಕ್ಷಕರು ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು, ಎಂಜಿನ್ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದರು, ಕೇಳಿದರು, ಬರೆದುಕೊಂಡರು. ಅಪ್ಪ ಮಾತ್ರ ಸೀಟಿನ ಮೇಲೆ ಕೈ ಇಟ್ಟು ನಿಂತಿದ್ದ, ಅವನ ಕಣ್ಣುಗಳು ತೇವವಾಗಿದ್ದವು.

ದೋಷ ಎಂಜಿನ್ ತಯಾರಾಗುವಾಗಲೇ ಬಂದದ್ದು, ರಿಪೇರಿಯಿಂದ ಹೋಗುವಂಥದ್ದಲ್ಲ ಎಂದು ವರದಿ ಬಂತು. ಅದೇ ಮಾದರಿಯ ಹೊಸ ಗಾಡಿ ಕೊಡಬೇಕೆಂದು ಆಯೋಗ ಆದೇಶಿಸಿತು. ಕಂಪನಿಯವರು ಮೇಲ್ಮನವಿಗೆ ಹೋಗುತ್ತಾರೆಂದು ನಾವು ಹೆದರಿದ್ದೆವು, ಹೋಗಲಿಲ್ಲ.

ಹಳೆಯದನ್ನು ಬಿಟ್ಟುಬರುವ ಮುಂಜಾನೆ ಅಪ್ಪ ಅದನ್ನು ತೊಳೆದು, ಗಾಜು ಒರೆಸಿ, ಅರಿಷಿಣ ಕುಂಕುಮ ಹಚ್ಚಿದ. ವಾಪಸು ಕೊಡುವ ಗಾಡಿಗೆ ಇದೆಲ್ಲ ಯಾಕೆಂದು ಅವ್ವ ಕೇಳಿದಳು. "ಇಷ್ಟ ದಿನಾ ನಮ್ಮ ಮನ್ಯಾಗ ಇತ್ತಲ್ಲ. ಅದರದೇನ ತಪ್ಪ ಬೇ, ಹುಟ್ಟಿದ್ದ ಹಂಗ" ಎಂದ. ಶೋರೂಮಿನ ಅಂಗಳದಲ್ಲಿ ಅದನ್ನು ನಿಲ್ಲಿಸಿ ಕೀಲಿ ಕೊಟ್ಟ ಮೇಲೆ ಒಮ್ಮೆ ಹಿಂದಿರುಗಿ ನೋಡಿದ. ಕುರಿಗಳನ್ನು ಮಾರಿ ಬಂದ ದಿನವೂ ಹಾಗೇ ನೋಡಿದ್ದ.

ಹೊಸ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ನಾವೆಲ್ಲ ಹೊತ್ತಿಗೆ ಸರಿಯಾಗಿ ಮುಟ್ಟತೊಡಗಿದೆವು. ಮಾಸ್ತರು ಮತ್ತು ಆಯಿಯ ವಾದಗಳು ಅರ್ಧಕ್ಕೇ ಉಳಿಯುತ್ತಿದ್ದವು.

ಈಗ ನಾನು ಇಬ್ರಾಹಿಂಪುರದಲ್ಲಿ ಮನೆ ಮಾಡಿಕೊಂಡು ನಗರದಲ್ಲೇ ನೌಕರಿ ಮಾಡುತ್ತೇನೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಟಂಟಂಗೆ ಸವಾರಿ ಕಡಿಮೆಯಾಯಿತು. ಆಯಿಗೆ ಬಸ್ಸಿಗೆ ಹೋಗು ಎಂದು ಹೇಳಿದವನು ಅಪ್ಪನೇ. ಮೊದಲ ದಿನ ಅವಳ ಗಡಿಗೆಗಳನ್ನು ತಾನೇ ಬಸ್ಸಿಗೆ ಏರಿಸಿ ಬಂದನಂತೆ. ಅಪ್ಪ ಈಗ ಹೆಚ್ಚಾಗಿ ತಿಕೋಟಾದ ತೋಟಗಳಿಗೆ ಕೂಲಿಯವರನ್ನು ಬಿಡುತ್ತಾನೆ. ಹಬ್ಬಕ್ಕೆ ತೊರವಿಗೆ ಹೋದಾಗ ಕಟ್ಟೆಯ ಮೇಲೆ ಯಾರಾದರೂ ಅವನ ಜೊತೆ ಕೂತಿರುತ್ತಾರೆ. ಒಬ್ಬರ ಹೊಸ ಬೋರಿನ ಮೋಟರು ಮೂರು ಸಲ ಸುಟ್ಟಿದೆ, ಇನ್ನೊಬ್ಬರ ಫ್ರಿಜ್ಜು ತಣ್ಣಗಾಗುವುದಿಲ್ಲ. ಅಪ್ಪ ಎಲ್ಲ ಕೇಳಿ, "ಮೊದ್ಲ ಹೋಗಿ ಚಂದಂಗ ಹೇಳ್ರಿ, ತೊಗೊಂಡ್ರ ತೊಗೊಂತಾರ. ಇಲ್ಲಂದ್ರ ನಾ ಬರತೇನಿ" ಎನ್ನುತ್ತಾನೆ.

ಕಳೆದ ಸಲ ಹೋದಾಗ ಅವನು ಮನೆಯಲ್ಲಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ, "ಯಾರದೋ ಹಿಟ್ಟಿನ ಗಿರಣಿ ಕೆಟ್ಟೈತಂತ. ಇಸ್ತ್ರಿ ಅಂಗಿ ಹಾಕ್ಕೊಂಡು ಆಯೋಗಕ್ಕ ಹೋಗ್ಯಾನ" ಎಂದಳು.