ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ನನ್ನ ಅಕ್ಕ ಹುಟ್ಟುವಾಗ ಮೊದಲು ಹೊರಬಂದದ್ದು ಅವಳ ಪಾದ. ಕಾಲು ಮುಂದಾಗಿ ಹುಟ್ಟಿದವರು ಬೇರೆಯವರ ಹಿಡಿದುಕೊಂಡ ಸೊಂಟವನ್ನು ಮೂರು ಸಲ ಮೆಲ್ಲಗೆ ಒದ್ದರೆ ನೋವು ಹೋಗುತ್ತದೆ ಎಂದು ನಮ್ಮ ದೊಡವಾಡದ ಕಡೆ ನಂಬುತ್ತಾರೆ. ಹೀಗಾಗಿ ಅವಳು ಅಂಗನವಾಡಿಗೆ ಹೋಗುವ ವಯಸ್ಸಿನಿಂದಲೇ ನಮ್ಮ ಹೊಸ್ತಿಲಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಗಂಡಸರು ಬೋರಲು ಮಲಗುತ್ತಿದ್ದರು. ಅಕ್ಕ ಶೇಂಗಾ ತಿನ್ನುತ್ತ ಬಂದು ಒದ್ದು ಹೋಗುತ್ತಿದ್ದಳು. ನೋವು ಹೋದವರು ಊರಿಗೆಲ್ಲ ಹೇಳಿದರು, ಹೋಗದವರು ಸುಮ್ಮನಿದ್ದರು. ಆ ಸುಮ್ಮನಿದ್ದವರನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾನು ಹೈಸ್ಕೂಲಿನಲ್ಲಿದ್ದಾಗಲೇ ಅವ್ವನ ಕೂಡ ವಾದಕ್ಕೆ ಬಿದ್ದಿದ್ದೆ. ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ತಂದವಳಿಗೆ ಸಿಕ್ಕ ಉತ್ತರ ಇಷ್ಟೇ: "ನಿನ್ನ ಭಾಷಣ ಸಾಲ್ಯಾಗ ಬಿಟ್ಟು ಬಾ."

ಊರ ಶಾಲೆಯಲ್ಲಿ ಮಲ್ಲಕಂಬ ಹತ್ತುತ್ತಿದ್ದ ಅಕ್ಕ ಧಾರವಾಡದ ಕಾಲೇಜಿಗೆ ಸೇರಿದ ಮೇಲೆ ಜಿಮ್ನಾಸ್ಟ್ ಆದಳು. ಬೇರೆ ದೇಶದ ಹುಡುಗಿಯರು ಐದಾರರ ವಯಸ್ಸಿಗೆ ಕಲಿಯುವುದನ್ನು ಅವಳು ಹದಿನೇಳಕ್ಕೆ ಕಲಿತಳು. ಅಂದರೆ, ಬಲಿತ ಬೆನ್ನನ್ನು ಬಗ್ಗಿಸಿದಳು. ನಾನು ಅವಳ ಅಭ್ಯಾಸ ನೋಡಲು ಹೋದಾಗ ಅಲ್ಲಿನ ಮ್ಯಾಟುಗಳು ನಮ್ಮ ಮನೆಯ ಹಳೆಯ ಗಾದಿಗಿಂತ ಗಟ್ಟಿಯಾಗಿದ್ದವು. ಛಲ ಇದ್ದರೆ ಎಲ್ಲವೂ ಆಗುತ್ತದೆ ಎಂದು ವೇದಿಕೆಯ ಮೇಲೆ ಹೇಳುವವರು ಆ ಮ್ಯಾಟಿನ ಮೇಲೆ ಒಮ್ಮೆ ಬಿದ್ದು ನೋಡಬೇಕು. ಆದರೂ ಅವಳು ಗೆಲ್ಲುತ್ತ ಹೋದಳು. ಕೊನೆಗೆ ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ಆಯ್ಕೆಯಾಗಿ ವಿಮಾನ ಹತ್ತಿದಳು. ಅಲ್ಲಿ ಅವಳಿಗೆ ಬಂದ ಸ್ಥಾನವನ್ನು ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿತ್ತು. ಬೈಲಹೊಂಗಲದಲ್ಲಿ ಕಟ್ಟಿದ ಬ್ಯಾನರಿನಲ್ಲಿ ಸ್ಥಾನದ ಮಾತಿರಲಿಲ್ಲ, ಅವಳ ಫೋಟೊ ಒಂದು ಮೂಲೆಯಲ್ಲಿತ್ತು, ಶುಭ ಕೋರುವವರ ಫೋಟೊಗಳು ಉಳಿದ ಜಾಗದಲ್ಲಿದ್ದವು.

ಮರಳಿ ಬಂದವಳಿಗೆ ಸೊಂಟದಲ್ಲಿ ನೋವಿತ್ತು. ಮುಂದಿನ ತಿಂಗಳು ಎರಡನೆಯ ಕೂಟದ ಶಿಬಿರ. ಅದನ್ನು ತಪ್ಪಿಸಿಕೊಂಡರೆ ಇನ್ನೊಂದು ಅವಕಾಶಕ್ಕೆ ಅವಳ ವಯಸ್ಸು ಕಾಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಅವಳು ಮನೆಯಲ್ಲಿ ಯಾರಿಗೂ ಹೇಳದೆ ಅಂಗಿಯ ಕೆಳಗೆ ಪಟ್ಟಿ ಅಂಟಿಸಿಕೊಂಡು ಓಡಾಡಿದಳು. ಬಯಲಾದದ್ದು ಹೊಸ್ತಿಲಲ್ಲಿ. ಓಣಿಯಲ್ಲಿ ಗಾರೆ ಕೆಲಸ ಮಾಡುವ ಗೌಂಡಿಯೊಬ್ಬ ಸೊಂಟ ಹಿಡಿದುಕೊಂಡು ಬಂದು ಮಲಗಿದ್ದ. ಒದೆಯಲು ಕಾಲೆತ್ತಿದ ಅಕ್ಕ ಚೌಕಟ್ಟು ಹಿಡಿದು ಅಲ್ಲಿಯೇ ಕುಸಿದು ಕುಳಿತಳು. ಗೌಂಡಿ ಮಲಗಿದಲ್ಲಿಂದಲೇ, ಇನ್ನೂ ಎಷ್ಟು ಹೊತ್ತು ಎಂದು ಕೇಳಿದ.

ಮಂದಿಯ ನೋವೆಲ್ಲ ಇವಳಿಗೆ ಹತ್ತಿಕೊಂಡಿದೆ ಎಂದು ಅವ್ವ ತೀರ್ಮಾನಿಸಿದಳು. ಅದಕ್ಕೆ ಪರಿಹಾರವೂ ಅದೇ ತರ್ಕದಿಂದ ಹುಟ್ಟಿತು: ಒದೆಯುವವಳನ್ನು ಒದೆಯಲು ಇನ್ನೊಬ್ಬಳು ಬೇಕು. ಮರುದಿನ ಸೋದರಮಾವ ಬೈಕಿನ ಮೇಲೆ ಸಿರಸಂಗಿಯಿಂದ ಒಬ್ಬ ಮುದುಕಿಯನ್ನು ಕರೆತಂದ. ಆಕೆಯೂ ಕಾಲು ಮುಂದಾಗಿ ಹುಟ್ಟಿದವಳು. ಧಾರವಾಡಕ್ಕೆ ಹೋಗಿ ಸ್ಕ್ಯಾನ್ ಮಾಡಿಸೋಣ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅಕ್ಕ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನೀ ಇದನ್ನ ನಂಬ್ತಿಯೇನು?" ಎಂದು ಕೇಳಿದೆ.

"ನಂಬೂದಿಲ್ಲ. ಆದ್ರ ಸ್ಕ್ಯಾನ್ ಮಾಡಿಸಿದ್ರ ಕಾಗದದಾಗ ಬರತೈತಿ. ಕಾಗದದಾಗ ಬಂದ್ರ ಶಿಬಿರಕ್ಕ ತಗೊಳ್ಳೂದಿಲ್ಲ. ಈ ಆಯಿ ಏನೂ ಬರದು ಕೊಡೂದಿಲ್ಲ ನೋಡು."

ನನ್ನ ಹತ್ತಿರ ಪ್ರತಿವಾದವಿತ್ತು. ಹೇಳಿದೆ ಕೂಡ. ಅವಳು ಕೇಳಿಸಿಕೊಳ್ಳದೆ ಒಳಗೆ ಹೋಗಿ ಬೋರಲು ಮಲಗಿದಳು.

ಮುದುಕಿ ಗೋಡೆ ಹಿಡಿದು ನಿಂತು ಅಕ್ಕನ ಬೆನ್ನನ್ನು ಬಗ್ಗಿ ನೋಡಿದಳು. "ಎಲುಬ ಬಿಟ್ರ ಏನೂ ಇಲ್ಲಲ್ಲ ತಂಗಿ ಇದ್ರಾಗ. ಎಲ್ಲಿ ಒದಿಲಿ?"

"ಎಲ್ಲೆರೆ ಒದಿ ಆಯಿ, ಲಗೂನ ಒದಿ," ಎಂದಳು ಅಕ್ಕ ಚಾಪೆಯಲ್ಲಿ ಮುಖವಿಟ್ಟುಕೊಂಡೇ.

ಮೂರು ಸಲ ಪಾದ ತಾಗಿತು. ಒದೆತ ಅನ್ನುವಷ್ಟು ಜೋರಾಗಿಯೇನೂ ಇರಲಿಲ್ಲ. ಅಕ್ಕ ಎದ್ದು, ಹೋತು ನೋಡ್ರಿ ಎಂದಳು. ಅವ್ವ ಮುದುಕಿಯ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಿದಳು. ಮರುದಿನ ಮುಂಜಾನೆ ಅಕ್ಕ ಅಂಗಳದಲ್ಲಿ ಹಿಂದಕ್ಕೆ ಬಾಗಿ ಕೈಯೂರಿದವಳು ಏಳಲಿಲ್ಲ. ಬಲಗಾಲು ತನ್ನದಲ್ಲ ಅನಿಸುತ್ತಿದೆ ಎಂದಷ್ಟೇ ಹೇಳಿದಳು, ಅಳಲಿಲ್ಲ.

ಆಮೇಲೆ ಧಾರವಾಡ, ಆಮೇಲೆ ಸ್ಕ್ಯಾನ್. ಬೆನ್ನೆಲುಬಿನ ಕೆಳಗಿನ ಒಂದು ಮಣಿಯ ಎರಡೂ ಕಡೆ ಬಿರುಕು ಬಿಟ್ಟಿದೆ, ಮಣಿ ಮುಂದಕ್ಕೆ ಸರಿದು ನರವನ್ನು ಒತ್ತುತ್ತಿದೆ, ಬಿರುಕು ತಿಂಗಳುಗಟ್ಟಲೆ ಹಳೆಯದು ಎಂದರು ಡಾಕ್ಟರು. ಇನ್ನು ಹಾರುವುದು ಬಾಗುವುದು ಇಲ್ಲ. ಕಾಲಿನ ಶಕ್ತಿ ಎಷ್ಟು ಮರಳುತ್ತದೋ ಅದನ್ನು ಈಗಲೇ ಹೇಳಲಾಗದು.

ಮನೆಯಲ್ಲಿ ಎಲ್ಲರೂ ಮುದುಕಿಯ ಮೇಲೆ ತಿರುಗಿಬಿದ್ದರು. ಸೋದರಮಾವ ಸಿರಸಂಗಿಗೆ ಹೋಗಿ ಕೇಳಿಯೇ ಬರುತ್ತೇನೆ ಎಂದು ಬೈಕಿನ ಕೀಲಿ ಹುಡುಕಿದ. ಹೀಗೆ, ಹುಟ್ಟಿನಿಂದ ಆ ಒದೆತವನ್ನು ಗೇಲಿ ಮಾಡಿದ ನಾನು ಒದ್ದವಳ ಪರ ವಕಾಲತ್ತಿಗೆ ನಿಂತೆ. ಒದ್ದ ಮೇಲೆ ನೋವು ಹೋಯಿತು, ಆದ್ದರಿಂದ ಒದ್ದದ್ದೇ ಔಷಧ ಎನ್ನುವುದು ತಪ್ಪಾದರೆ, ಒದ್ದ ಮೇಲೆ ಕಾಲು ಹೋಯಿತು, ಆದ್ದರಿಂದ ಒದ್ದದ್ದೇ ಕಾರಣ ಎನ್ನುವುದೂ ಅಷ್ಟೇ ತಪ್ಪು ಎಂದೆ. ಕೊನೆಯ ಬಾಗುವಿಕೆಯೋ, ಪಾದವೋ, ಯಾರು ಹೇಳಬಲ್ಲರು? ಬಿರುಕಂತೂ ಮೊದಲೇ ಇತ್ತು.

"ಹಂಗಾರ ಯಾರು ಮುರದ್ರು ನನ್ನ ಮಗಳ ಬೆನ್ನ?" ಎಂದು ಅವ್ವ ಕೇಳಿದಳು.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಗಟ್ಟಿ ಮ್ಯಾಟು ಎಂದೆ. ನೋವೆಂದರೆ ಪಟ್ಟಿ ಕಟ್ಟಿಕೊಂಡು ಹಾರು ಎಂದ ತರಬೇತುದಾರರು, ನೋವಿಲ್ಲ ಎಂದ ಅಕ್ಕ, ಕಾಗದಕ್ಕೆ ಹೆದರುವಂತೆ ಅವಳಿಗೆ ಕಲಿಸಿದ ಆಯ್ಕೆಯ ಪದ್ಧತಿ. ಇನ್ನೂ ಹೇಳುವವಳಿದ್ದೆ.

"ನೀ ಗೆದ್ದಿ, ಸಾಕ ಮಾಡು," ಎಂದಳು ಮಂಚದ ಮೇಲಿದ್ದ ಅಕ್ಕ. "ಈಗ ಕೋಚ್ ಸರಗ ಫೋನ್ ಹಚ್ಚು. ನಾ ಬರೂದಿಲ್ಲಂತ ಹೇಳು. ನಿನಗ ಮಾತು ಬರತಾವ."

ಹಚ್ಚಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ತರಬೇತುದಾರರು ಛೆ ಎಂದರು. ಆಮೇಲೆ, ಅವಳ ಜಾಗಕ್ಕೆ ಇನ್ನೊಬ್ಬ ಹುಡುಗಿಯ ಹೆಸರು ಇವತ್ತೇ ಕಳಿಸಬಹುದೇ ಎಂದು ಕೇಳಿದರು. ನಾನು ಅಕ್ಕನ ಕಡೆ ನೋಡಿದೆ. ಅವಳಿಗೆ ಎಲ್ಲ ಕೇಳಿಸಿತ್ತು, ತಲೆಯಾಡಿಸಿದಳು.

ಕಳಿಸ್ರಿ ಎಂದೆ.